ಬರೋ ಶನಿವಾರ ಕ್ಲಾಸ್ ಇಲ್ಲ, ಮಕ್ಳನ್ನ ಮ್ಯಾಚ್‌ಗೆ ಕಳಿಸಿ

ಎಲ್ಲಾ ಪೋಷಕರಿಗೂ ನಮಸ್ಕಾರ,

ಬರೋ ಶನಿವಾರ ನಮ್ಮ ಕನ್ನಡ ಕ್ಲಾಸ್‌ಗೆ ರಜೆ. ಎಂಟು ವರ್ಷ ದಾಟಿದ ಮಕ್ಳನ್ನೆಲ್ಲ ದಕ್ಷಿಣ ಲಂಡನ್ನಿನ ಈಸ್ಟ್ ಡಲಿಚ್‌ನ ಚಾಂಪಿಯನ್ ಹಿಲ್ ಗ್ರೌಂಡ್‌ಗೆ ಕರ್ಕೊಂಡು ಹೋಗ್ತಿದೀವಿ, ಡಲಿಚ್ ಹ್ಯಾಮ್ಲೆಟ್ ಅನ್ನೋ ಸಣ್ಣ ಫುಟ್‌ಬಾಲ್ ಟೀಮಿನ ಮ್ಯಾಚ್ ನೋಡೋಕೆ. ಗ್ರೂಪಲ್ಲಿ ಹೇಳಿದ ತಕ್ಷಣ ಬಂದ ಮೊದಲ್ನೇ ಪ್ರಶ್ನೆ "ಮೇಡಂ, ಆರ್ಸೆನಲ್‌ನಂಥ ದೊಡ್ಡ ಟೀಮಿನ ಮ್ಯಾಚ್‌ಗೆ ಯಾಕೆ ಹೋಗ್ಬಾರ್ದು?" ಅಂತ. ಹೋಗ್ಬೋದಿತ್ತು, ಅಷ್ಟೊಂದು ಮಕ್ಳಿಗೆ ಒಟ್ಟಿಗೆ ಟಿಕೆಟ್ ಸಿಗ್ಬೇಕಲ್ಲ, ಸಿಕ್ಕಿದ್ರೂ ರೇಟ್ ಕೇಳಿ ನೀವೇ ಬೇಡ ಅಂತೀರ. ಆದ್ರೆ ನನಗೆ ದುಡ್ಡಿಗಿಂತ ದೊಡ್ಡ ಕಾರಣ ಬೇರೆ ಇದೆ, ಅಲ್ಲಿ ಮಕ್ಳು ಆಟಾನ ಹತ್ರದಿಂದ ನೋಡೋಕೆ ಆಗಲ್ಲ.

ಇಂಗ್ಲೆಂಡ್ ಫುಟ್‌ಬಾಲ್‌ನ ಮೇಲಿನ ನಾಲ್ಕು ಡಿವಿಜನ್‌ಗಳಲ್ಲಿ 92 ಕ್ಲಬ್ ಇವೆ, ಅದರ ಕೆಳಗಿನ ಸಣ್ಣ ಲೀಗ್‌ಗಳನ್ನೆಲ್ಲ ನಾನ್-ಲೀಗ್ ಅಂತಾರೆ. ಹ್ಯಾಮ್ಲೆಟ್ ಆಡೋದು ಇಸ್ತ್ಮಿಯನ್ ಪ್ರೀಮಿಯರ್ ಅನ್ನೋ ಡಿವಿಜನ್‌ನಲ್ಲಿ, ಅಂದ್ರೆ ಮೇಲಿಂದ ಏಳನೇ ಮೆಟ್ಲು. ಈ ಮಟ್ಟದಲ್ಲಿ ಆಡೋರಲ್ಲಿ ಸುಮಾರು ಜನ ಹಗಲು ಬೇರೆ ಕೆಲಸ ಮಾಡಿ ಸಂಜೆ ಪ್ರಾಕ್ಟೀಸಿಗೆ ಬರೋರು. ಜೇಮಿ ವಾರ್ಡಿನೂ ಹೀಗೇ ಫ್ಯಾಕ್ಟ್ರಿ ಕೆಲಸ ಮಾಡ್ಕೊಂಡು ನಾನ್-ಲೀಗ್ ಆಡ್ತಿದ್ದವನು, 2016ರಲ್ಲಿ ಲೆಸ್ಟರ್ ಟೀಮಿನ ಜೊತೆ ಎಲ್ಲಕ್ಕಿಂತ ಮೇಲಿನ ಡಿವಿಜನ್ ಪ್ರೀಮಿಯರ್ ಲೀಗ್ ಗೆದ್ದ.

ಹೋದ ಸೀಸನ್ ನಾನೂ ನಮ್ಮನೆಯವರೂ ಸುಮ್ನೆ ನೋಡ್ಕೊಂಡು ಬರೋಣ ಅಂತ ಹೋಗಿ ಗೋಲ್ ಹಿಂದಿನ ಕಂಬಿಗೆ ಒರಗಿ ನಿಂತಿದ್ವಿ, ಗೋಲ್‌ಕೀಪರ್ ಅಷ್ಟು ಹತ್ರ, ಅವನು ತನ್ನ ಡಿಫೆಂಡರ್‌ಗಳಿಗೆ ಲೆಫ್ಟು ಲೆಫ್ಟು ಬಿಡಬೇಡ ಅಂತ ಕೂಗಿ ಕೂಗಿ ಗಂಟಲು ಹರ್ಕೊಳ್ತಿದ್ದಿದ್ದು ಪೂರ್ತಿ ಕೇಳಿಸ್ತಿತ್ತು, ಬಾಲ್ ಕಂಬಿ ದಾಟಿ ಬಂದಾಗ ಪಕ್ಕದಲ್ಲಿದ್ದ ಪುಟ್ಟ ಹುಡುಗಿ ಎತ್ತಿ ಕೊಟ್ಲು, ಕೀಪರ್ ಅವಳಿಗೆ ಥ್ಯಾಂಕ್ಸ್ ಹೇಳಿ ತಗೊಂಡ. ಟೀವೀಲಿ ಎಲ್ರೂ ಬಾಲ್ ಹಿಂದೇನೇ ನೋಡ್ತಾರೆ, ಇಲ್ಲಿ ಬಾಲ್ ಇಲ್ದೇ ಇರೋರು ಏನು ಮಾಡ್ತಾರೆ ಅನ್ನೋದೂ ಕಾಣ್ಸುತ್ತೆ. ಹಾಫ್ ಟೈಮಲ್ಲಿ ಇನ್ನೊಂದು ಮಜಾ. ಟೀಮುಗಳು ಸೈಡ್ ಬದಲಾಯಿಸ್ತಾವಲ್ಲ, ಆಗ ಫ್ಯಾನ್ಸೂ ಟೀ ಕಪ್ಪು, ನಾಯಿ, ಪ್ರ್ಯಾಮು ಎಲ್ಲಾ ಸಮೇತ ಜಾತ್ರೇಲಿ ತೇರಿನ ಹಿಂದೆ ಹೊರಟ ಹಾಗೆ ಗ್ರೌಂಡ್ ಸುತ್ಕೊಂಡು ಆ ಕಡೆ ಗೋಲ್ ಹಿಂದಕ್ಕೆ ಹೋಗಿ ನಿಲ್ತಾರೆ.

ಕ್ಲಬ್ ಶುರುವಾಗಿದ್ದು 1893ರಲ್ಲಿ, ಜೆರ್ಸಿ ಪಿಂಕ್ ಮತ್ತು ನೀಲಿ (ಪಿಂಕ್ ಹುಡುಗೀರ ಬಣ್ಣ ಅಂತ ವಾದ ಮಾಡೋ ನಮ್ಮ ಆರನೇ ಕ್ಲಾಸ್ ಹುಡುಗರು ಇದನ್ನ ನೋಡ್ಲೇಬೇಕು). ಇಲ್ಲಿ ಆಡಿದ ಎಡ್ಗರ್ ಕೇಲ್ ಯಾವತ್ತೂ ಪ್ರೊಫೆಷನಲ್ ಆಗ್ಲೇ ಇಲ್ಲ, ಆದ್ರೂ 1929ರಲ್ಲಿ ಇಂಗ್ಲೆಂಡ್ ಟೀಮಿಗೆ ಆಡ್ದ, ಗ್ರೌಂಡಿಗೆ ಹೋಗೋ ರಸ್ತೆಗೆ ಅವನದೇ ಹೆಸರು.

1948ರ ಒಲಿಂಪಿಕ್ಸ್‌ನ ಫುಟ್‌ಬಾಲ್ ಮ್ಯಾಚ್ ಚಾಂಪಿಯನ್ ಹಿಲ್‌ನಲ್ಲೂ ನಡೆದಿತ್ತು. ಅದೇ ಒಲಿಂಪಿಕ್ಸ್‌ನಲ್ಲಿ ಪೂರ್ವ ಲಂಡನ್ನಿನ ಇಲ್ಫರ್ಡ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ ಆಡಿದ್ದು, ನಮ್ಮೋರಲ್ಲಿ ಹೆಚ್ಚಿನವರು ಬರಿಗಾಲಲ್ಲಿ, ಸಿಕ್ಕ ಎರಡು ಪೆನಾಲ್ಟಿನೂ ಹೋಯ್ತು, 2-1ಕ್ಕೆ ಸೋತ್ವಿ. ಆ ಒಂದು ಗೋಲ್ ಹೊಡೆದಿದ್ದು ಬೆಂಗಳೂರಿನ ರಾಮನ್, ಟೀಮಲ್ಲಿ ಬೆಂಗಳೂರಿನ ಅಹ್ಮದ್ ಖಾನೂ ಇದ್ರು. ಇಲ್ಫರ್ಡ್‌ನಲ್ಲೇ ಮನೆ ಮಾಡ್ಕೊಂಡಿರೋ ನಮ್ಮ ಪೋಷಕರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಟ್ರೈನಲ್ಲಿ ಮಕ್ಳಿಗೆ ಇದನ್ನ ಹೇಳೋ ಪ್ಲಾನ್ ಇದೆ, ಮೊದ್ಲೇ ಹೇಳ್ಬಿಡಬೇಡಿ.

ಇನ್ನೊಂದು ವಿಷ್ಯ. 2018ರಲ್ಲಿ ಜಾಗದ ಮಾಲೀಕರ ಜೊತೆ ಜಗಳ ಆಗಿ ಟೀಮಿಗೆ ಈ ಗ್ರೌಂಡೇ ಇಲ್ದಂಗಾಗಿತ್ತು, ಬೇರೆಯವರ ಗ್ರೌಂಡಲ್ಲಿ ಆಡಿದ್ರು, ಫ್ಯಾನ್ಸ್ ಬೀದಿಗಿಳಿದ್ರು, ಅದೇ ವರ್ಷ ಡಿಸೆಂಬರ್‌ಗೆ ವಾಪಸ್ ಬಂದ್ರು. ಆಡ್ತಿದ್ದ ಬಯಲೆಲ್ಲ ಅಪಾರ್ಟ್‌ಮೆಂಟ್ ಆಗಿದ್ದನ್ನ ಬೆಂಗಳೂರಲ್ಲಿ ನೋಡ್ಕೊಂಡು ಬಂದಿರೋ ನಮಗೆ ಇದನ್ನ ಬಿಡಿಸಿ ಹೇಳೋದೇನೂ ಬೇಡ.

ಕೆಲವು ಅಮ್ಮಂದಿರು ಪ್ರೈವೇಟಾಗಿ ಮೆಸೇಜ್ ಮಾಡಿ ಕೇಳಿದ್ದಕ್ಕೆ ಇಲ್ಲೇ ಉತ್ತರ ಹೇಳ್ಬಿಡ್ತೀನಿ. ಹೌದು, ಜನ ಬಿಯರ್ ಹಿಡ್ಕೊಂಡೇ ನಿಂತಿರ್ತಾರೆ. 1985ರ ಕಾನೂನಿಂದ ದೊಡ್ಡ ಲೀಗ್‌ಗಳಲ್ಲಿ ಪಿಚ್ ಕಾಣೋ ಜಾಗದಲ್ಲಿ ಕುಡಿಯೋ ಹಾಗಿಲ್ಲ, ಈ ಮಟ್ಟಕ್ಕೆ ಅದು ಅನ್ವಯ ಆಗಲ್ಲ. ನಾವು ಹೋದಾಗ ಯಾರೂ ಗಲಾಟೆ ಮಾಡ್ಲಿಲ್ಲ. ಬೈಗುಳ ಒಂದೆರಡು ಕಿವಿಗೆ ಬಿದ್ದೇ ಬೀಳುತ್ತೆ, ಮನೇಲಿ ಬಂದು ಅರ್ಥ ಕೇಳಿದ್ರೆ ಅದು ನಮ್ಮ ಸಿಲಬಸ್‌ನಲ್ಲಿಲ್ಲ ಅಂತ ಹೇಳ್ಬಿಡಿ.

ಮಧ್ಯಾಹ್ನ ಒಂದೂಕಾಲಿಗೆ ಲಂಡನ್ ಬ್ರಿಡ್ಜ್ ಸ್ಟೇಷನ್ನಲ್ಲಿ ಸೇರೋದು, ಅಲ್ಲಿಂದ ಈಸ್ಟ್ ಡಲಿಚ್‌ಗೆ ನೇರ ಟ್ರೈನ್, ಕಾಲು ಗಂಟೆ ದಾರಿ, ಆಟ ಶುರುವಾಗೋದು ಮೂರಕ್ಕೆ. ಊಟ ಮಾಡಿಸಿಯೇ ಕಳಿಸಿ, ಚಿಪ್ಸ್ ತಿನ್ನೋಕೆ ಸ್ವಲ್ಪ ಕಾಸು ಕೊಟ್ರೆ ಸಾಕು. ಎರಡು ಗಂಟೆ ನಿಂತಿರೋದು, ಥರ್ಮಲ್ಸು ಟೋಪಿ ಮರೀಬೇಡಿ, ಮಳೆ ಬರಲ್ಲ ಅಂತ ಫೋನ್ ಹೇಳಿದ್ರೂ ರೇನ್ ಜಾಕೆಟ್ ಇರ್ಲಿ. ಎಂಟರ ಕೆಳಗಿನವರು ಬರಬೇಕಂದ್ರೆ ಜೊತೆಗೆ ಅಪ್ಪನೋ ಅಮ್ಮನೋ ಬರ್ಲೇಬೇಕು. ಹೋಂವರ್ಕೂ ಇದೆ, ಕೊನೇ ಹತ್ತು ನಿಮಿಷದಲ್ಲಿ ಯಾವ್ದಾದ್ರೂ ಒಂದು ನಿಮಿಷದ ಆಟಕ್ಕೆ ಕನ್ನಡದಲ್ಲಿ ಕಾಮೆಂಟ್ರಿ ಹೇಳಿ ರೆಕಾರ್ಡ್ ಮಾಡ್ಬೇಕು, ಮಧ್ಯೆ ಇಂಗ್ಲಿಷ್ ಬಂದ್ರೆ ಪರವಾಗಿಲ್ಲ, ಸುಮ್ನೆ ನಿಲ್ಲೋ ಹಾಗಿಲ್ಲ.

ಬರೋರ ಹೆಸರು, ಅಲರ್ಜಿ ಏನಾದ್ರೂ ಇದ್ರೆ ಅದು, ಫೋಟೋ ತೆಗೀಬೋದಾ ಬೇಡ್ವಾ, ಇಷ್ಟನ್ನ ಬುಧವಾರ ರಾತ್ರಿ ಒಳಗೆ ನನಗೆ ಕಳಿಸಿ, ಗುರುವಾರ ಬೆಳಿಗ್ಗೆ ಟಿಕೆಟ್ ಬುಕ್ ಮಾಡ್ತೀನಿ.

ಇಂತಿ,
ನಿಮ್ಮ ಮಕ್ಳ ಹೆಡ್ ಮೇಡಂ