ಗ್ಯಾಸ್ ಹೋಗಿದೆ ಎಂದ ಕೂಡಲೇ ತಲೆಯಾಡಿಸಬೇಡ

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು.

ಫ್ರಿಜ್ ಸರಿಯಾಗಿ ತಣ್ಣಗಾಗುತ್ತಿಲ್ಲ, ಹತ್ತಿರದಲ್ಲಿ ಒಳ್ಳೆಯ ಮೆಕ್ಯಾನಿಕ್‌ನನ್ನು ಹುಡುಕುವುದು ಹೇಗೆ ಎಂದು ಕೇಳಿದ್ದೀಯ. ಅದಕ್ಕೂ ಮೊದಲು ಫ್ರಿಜ್ಜಿಗೆ ಏನಾಗಿದೆ ಎಂದು ನೀನೇ ಒಂದಿಷ್ಟು ನೋಡಿಕೊ. ಬರೀ ‘ಕೆಟ್ಟಿದೆ, ಬನ್ನಿ’ ಎನ್ನುವವರ ಮನೆಯಲ್ಲಿ ಎಲ್ಲದಕ್ಕೂ ‘ಗ್ಯಾಸ್ ಹೋಗಿದೆ’, ಅಂದರೆ ತಂಪು ಮಾಡುವ ಅನಿಲ ಖಾಲಿಯಾಗಿದೆ, ಎಂಬ ಒಂದೇ ಉತ್ತರ ಸಿಗುತ್ತದೆ. ಲಕ್ಷಣವನ್ನು ಬಿಡಿಸಿ ಹೇಳುವವರ ಮುಂದೆ ಆ ಮಾತು ಅಷ್ಟು ಸುಲಭಕ್ಕೆ ಬಾಯಿಗೆ ಬರುವುದಿಲ್ಲ.

ಮೊದಲು ಅದೇ ಸಾಕೆಟ್ಟಿಗೆ ಬೇರೆ ಯಾವುದಾದರೂ ಉಪಕರಣ ಹಾಕಿ ನೋಡು. ಬಾಗಿಲಿನ ರಬ್ಬರಿನ ನಡುವೆ ಕಾಗದ ಇಟ್ಟು ಮುಚ್ಚಿ ಎಳೆ, ಬಿಗಿಯಿಲ್ಲದೆ ಜಾರಿ ಬಂದರೆ ಗ್ಯಾಸ್ಕೆಟ್ ಸಡಿಲಾಗಿದೆ. ಹಿಂದೆ ಕಪ್ಪು ಕಾಯಿಲ್ ಇದ್ದರೆ ಪ್ಲಗ್ ತೆಗೆದು ಧೂಳು ಒರೆಸು, ಗೋಡೆಯಿಂದ ಸ್ವಲ್ಪ ದೂರ ಸರಿಸು. ಎಷ್ಟೋ ಫ್ರಿಜ್ಜುಗಳ ರೋಗ ಅಲ್ಲಿಗೇ ವಾಸಿ.

ಆಮೇಲೆ ಕಿವಿಗೊಟ್ಟು ಕೇಳು. ದೀಪ ಉರಿಯುತ್ತಿದ್ದು, ಕೆಲವು ನಿಮಿಷಕ್ಕೊಮ್ಮೆ ಹಿಂದಿನಿಂದ ‘ಟಕ್’ ಎಂದು ಸದ್ದಾಗಿ ಮತ್ತೆ ಸುಮ್ಮನಾಗುತ್ತಿದ್ದರೆ ಕಂಪ್ರೆಸರ್, ಅಂದರೆ ಗ್ಯಾಸನ್ನು ಒತ್ತಿ ಓಡಿಸುವ ಮೋಟಾರು, ಹೊರಡಲು ತಿಣುಕಾಡುತ್ತಿದೆ. ಅದನ್ನು ಹೊರಡಿಸುವ ರಿಲೇ, ಬಿಸಿ ಹೆಚ್ಚಾದಾಗ ಕರೆಂಟ್ ಕಡಿಯುವ ಓವರ್‌ಲೋಡ್, ಕಡಿಮೆ ವೋಲ್ಟೇಜ್ ಅಥವಾ ಕಂಪ್ರೆಸರ್ರೇ ಕಾರಣ ಇರಬಹುದು. ಗ್ಯಾಸಿಗೂ ಆ ಸದ್ದಿಗೂ ಸಂಬಂಧವಿಲ್ಲ. ಕರೆಂಟ್ ಹೋಗಿ ತಕ್ಷಣ ಬಂದಾಗ ಮಾತ್ರ ಹೀಗಾದರೆ ಐದು ನಿಮಿಷ ಆಫ್ ಮಾಡಿ ಮತ್ತೆ ಹಾಕು. ಒಳಗಿನ ಒತ್ತಡ ಸಮನಾಗದೆ ಅದು ಹೊರಡುವುದಿಲ್ಲ.

ನಿನ್ನದು ಫ್ರಾಸ್ಟ್ ಫ್ರೀ (ತಾನಾಗಿಯೇ ಐಸ್ ಕರಗಿಸಿಕೊಳ್ಳುವ ಫ್ರಿಜ್) ಆಗಿದ್ದು, ಮೇಲೆ ಫ್ರೀಜರ್‌ನಲ್ಲಿ ಐಸ್ ಆಗುತ್ತಾ ಕೆಳಗಡೆ ಮಾತ್ರ ತಂಪಿಲ್ಲವಾದರೆ ಒಳಗಿನ ಕಾಯಿಲ್ ಮೇಲೆ ಐಸ್ ಗಟ್ಟಿಯಾಗಿ ಗಾಳಿಯ ದಾರಿ ಮುಚ್ಚಿರುವ ಸಂಭವ ಹೆಚ್ಚು. ಸಾಮಾನು ತೆಗೆದು, ಪ್ಲಗ್ ಕಿತ್ತು, ಬಾಗಿಲು ತೆರೆದು ಒಂದು ಪೂರ್ತಿ ದಿನ ಬಿಡು. ಮತ್ತೆ ಹಾಕಿದಾಗ ಕೆಲವು ದಿನ ಚೆನ್ನಾಗಿ ನಡೆದು ಪುನಃ ಹಾಗೇ ಆದರೆ ಐಸ್ ಕರಗಿಸುವ ಡಿಫ್ರಾಸ್ಟ್ ಹೀಟರ್, ಅದರ ಸೆನ್ಸರ್, ಫ್ಯೂಸ್, ಟೈಮರ್, ಇವುಗಳಲ್ಲಿ ಒಂದು ಹೋಗಿದೆ. ಐಸನ್ನು ಚಾಕುವಿನಿಂದ ಕೆತ್ತಲು ಮಾತ್ರ ಹೋಗಬೇಡ, ಕೊಳವೆ ತೂತಾದರೆ ಆಗ ನಿಜಕ್ಕೂ ಗ್ಯಾಸ್ ಹೋಗುತ್ತದೆ. ತರಕಾರಿ ಡಬ್ಬದ ಕೆಳಗೆ ನೀರು ನಿಲ್ಲುತ್ತಿದ್ದರೆ ನೀರಿಳಿಯುವ ತೂತು ಕಟ್ಟಿದೆ, ಅಷ್ಟೆ.

ಇನ್ನು ಯಾರನ್ನು ಕರೆಯುವುದು. ಬಿಲ್ ತೆಗೆದು ವಾರಂಟಿ ನೋಡು. ಇಡೀ ಫ್ರಿಜ್ಜಿನ ವಾರಂಟಿ ಮುಗಿದಿದ್ದರೂ ಕಂಪ್ರೆಸರಿನದು ಇನ್ನೂ ಇರಬಹುದು, ಹಾಗಿದ್ದರೆ ಕಂಪನಿಯವರನ್ನೇ ಕರೆ. ಅವರ ನಂಬರನ್ನು ಫ್ರಿಜ್ಜಿನ ಸ್ಟಿಕ್ಕರ್ ಅಥವಾ ಜೊತೆಗೆ ಬಂದ ಪುಸ್ತಕದಿಂದ ತೆಗೆದುಕೊ. ಇಂಟರ್‌ನೆಟ್ಟಿನಲ್ಲಿ ಕಸ್ಟಮರ್ ಕೇರ್ ಹೆಸರಿನ ನಕಲಿ ನಂಬರುಗಳು ಬೇಕಾದಷ್ಟಿವೆ. ಓಟಿಪಿ ಕೇಳಿದರೆ, ಯಾವುದೋ ಆ್ಯಪ್ ಹಾಕಿಕೊಳ್ಳಿ ಎಂದರೆ ಫೋನ್ ಇಟ್ಟುಬಿಡು. ಇನ್ವರ್ಟರ್ ಫ್ರಿಜ್ಜಿನ (ಬೇಕಾದಂತೆ ಕಂಪ್ರೆಸರಿನ ವೇಗ ಬದಲಿಸುವಂಥದ್ದು) ಎಲೆಕ್ಟ್ರಾನಿಕ್ ಬೋರ್ಡ್ ಹೋಗಿದ್ದರೂ ಕಂಪನಿಯ ದಾರಿಯೇ ಮೇಲು, ಆ ಮಾಡೆಲ್ಲಿನದೇ ಬೋರ್ಡ್ ಬೇಕಾಗುತ್ತದೆ.

ಉಳಿದ ರಿಲೇ, ಥರ್ಮೋಸ್ಟ್ಯಾಟ್, ಗ್ಯಾಸ್ಕೆಟ್, ಹೀಟರ್ ಕೆಲಸಕ್ಕೆಲ್ಲ ಹತ್ತಿರದ ಮೆಕ್ಯಾನಿಕ್ ಸಾಕು. ಔಷಧಿ ಅಂಗಡಿಯವರನ್ನೋ ಐಸ್‌ಕ್ರೀಮ್ ಮಾರುವವರನ್ನೋ ವಿಚಾರಿಸು. ಒಂದು ದಿನ ಫ್ರಿಜ್ ನಿಂತರೆ ಅವರಿಗೆ ನಷ್ಟ, ಕೈಲಾಗದವನನ್ನು ಎರಡನೇ ಸಲ ಕರೆಯುವುದಿಲ್ಲ. ‘ಯಾರು ರಿಪೇರಿ ಮಾಡುತ್ತಾರೆ’ ಎಂದು ಕೇಳಬೇಡ, ‘ಮತ್ತೆ ಕೆಟ್ಟಾಗ ಕರೆದರೆ ಬಂದವರು ಯಾರು’ ಎಂದು ಕೇಳು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಫೋನಿನಲ್ಲೇ ಮಾಡೆಲ್ ನಂಬರ್ ಹೇಳಿ, ಬಂದು ನೋಡಲು ಎಷ್ಟು, ರಿಪೇರಿ ಮಾಡಿಸಿದರೆ ಅದು ಬಿಲ್ಲಿನಲ್ಲಿ ಕಳೆಯುತ್ತದೆಯೇ ಎಂದು ಮೊದಲೇ ತಿಳಿದುಕೊ.

ಬಂದವನು ಮೀಟರ್ ತೆಗೆಯದೆ ‘ಕಂಪ್ರೆಸರ್ ಹೋಗಿದೆ’ ಎಂದರೆ ಅಳೆದು ತೋರಿಸಲು ಹೇಳು. ಕಂಪ್ರೆಸರಿಗೆ ಮೂರು ಪಿನ್ ಇರುತ್ತವೆ. ಎರಡೆರಡನ್ನು ಹಿಡಿದು ಅಳೆದಾಗ ಓಮ್ ಲೆಕ್ಕದಲ್ಲಿ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ಮೂರು ಅಂಕಿಗಳು ಬರುತ್ತವೆ. ಸಾಧಾರಣ ಕಂಪ್ರೆಸರಿನಲ್ಲಿ ಅತಿ ದೊಡ್ಡ ಅಂಕಿ ಉಳಿದೆರಡರ ಮೊತ್ತಕ್ಕೆ ಸಮ ಇರಬೇಕು, ಇನ್ವರ್ಟರಿನದಾದರೆ ಮೂರೂ ಒಂದೇ. ಯಾವ ಪಿನ್ನಿಗೂ ಕಂಪ್ರೆಸರಿನ ಮೈಗೂ ಸಂಪರ್ಕ ತೋರಿಸಬಾರದು. ಇವೆಲ್ಲ ಸರಿ ಇದ್ದರೆ ವೈಂಡಿಂಗ್ (ಮೋಟಾರಿನ ತಂತಿ ಸುರುಳಿ) ಸುಟ್ಟಿಲ್ಲ, ಸಾಧಾರಣ ಕಂಪ್ರೆಸರಾದರೆ ರಿಲೇ ಬದಲಿಸಿ ನೋಡಿದ ಮೇಲೆಯೇ ಮುಂದಿನ ಮಾತು.

ಗ್ಯಾಸ್ ವಿಷಯಕ್ಕೆ ಬರೋಣ, ಮೋಸ ಹೆಚ್ಚು ನಡೆಯುವುದು ಇಲ್ಲೇ. ಫ್ರಿಜ್ಜಿನ ಗ್ಯಾಸ್ ಬಳಸಿ ಬಳಸಿ ಖರ್ಚಾಗುವಂಥದ್ದಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರಿಕೆ ಹುಡುಕದೆ ತುಂಬಿಸಿದರೆ ಮತ್ತೆ ಖಾಲಿಯಾಗುತ್ತದೆ. ಸರಿಯಾಗಿ ಕೆಲಸ ಬಲ್ಲವನು ನೈಟ್ರೋಜನ್ ಒತ್ತಡ ಕೊಟ್ಟು, ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡುತ್ತಾನೆ. ಕೊಳವೆ ಕತ್ತರಿಸಿದ ಮೇಲೆ ತೇವ, ಕಸ ಹಿಡಿಯುವ ಫಿಲ್ಟರ್ ಡ್ರೈಯರ್ ಹೊಸದು ಹಾಕಲೇಬೇಕು. ವ್ಯಾಕ್ಯೂಮ್ ಪಂಪಿನಿಂದ ಅರ್ಧ ಗಂಟೆಯಾದರೂ ಗಾಳಿ ಎಳೆಯಬೇಕು. ಒಳಗೆ ತೇವ ಉಳಿದರೆ ಕ್ಯಾಪಿಲರಿ ಎಂಬ ಸಣ್ಣ ಕೊಳವೆಯ ತುದಿಯಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಫ್ರಿಜ್ಜಿನ ಕಂಪ್ರೆಸರನ್ನೇ ಓಡಿಸಿ ಗಾಳಿ ತೆಗೆಯುತ್ತೇನೆ ಎನ್ನುವವನಿಗೆ ಕೈಮುಗಿದು ಕಳಿಸು.

ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಫ್ರಿಜ್ಜಿನ ಪ್ಲೇಟಿನ ಮೇಲೇ ಬರೆದಿರುತ್ತದೆ. ಈಗಿನ ಬಹುಪಾಲು ಫ್ರಿಜ್ಜುಗಳಲ್ಲಿ ಆರ್ 600ಎ. ಅದು ಐಸೋಬ್ಯುಟೇನ್, ಬೆಂಕಿ ಹತ್ತುವ ಅನಿಲ, ಸಾಮಾನ್ಯವಾಗಿ ನೂರು ಗ್ರಾಂಗಿಂತ ಕಡಿಮೆಯೇ ಇರುತ್ತದೆ. ಓಡುವಾಗ ಅದರ ಕಡಿಮೆ ಒತ್ತಡದ ಬದಿ ಹೊರಗಿನ ಗಾಳಿಯ ಒತ್ತಡದ ಆಸುಪಾಸಿನಲ್ಲೇ ಇರುತ್ತದಾದ್ದರಿಂದ ಗೇಜಿನ ಮುಳ್ಳು ನೋಡಿ ಅಂದಾಜಿನಲ್ಲಿ ತುಂಬಿದರೆ ಕೆಡುತ್ತದೆ. ತೂಕದ ಯಂತ್ರದ ಮೇಲಿಟ್ಟೇ ತುಂಬಬೇಕು. ಆರ್ 600ಎ ಫ್ರಿಜ್ಜಿಗೆ ಆರ್ 134ಎ ಎಂಬ ಬೇರೆ ಗ್ಯಾಸ್ ಹಾಕುತ್ತೇನೆಂದರೆ ಒಪ್ಪಬೇಡ, ಕಂಪ್ರೆಸರ್ ಅದಕ್ಕೆ ಮಾಡಿದ್ದಲ್ಲ. ಕೆಲಸ ನಡೆಯುವಾಗ ಕಿಟಕಿ ತೆರೆದಿರಲಿ, ಹತ್ತಿರ ಒಲೆ ಉರಿಯದಿರಲಿ. ಹಳೆಯ ಗ್ಯಾಸನ್ನು ಪೂರ್ತಿ ಹೊರಗೆ ಬಿಟ್ಟ ಮೇಲೆಯೇ ಕೊಳವೆ ಬೆಸೆಯುವ ಬ್ರೇಜಿಂಗ್ ಜ್ವಾಲೆ ಹಚ್ಚಬೇಕು.

ಸೋರಿಕೆ ಫ್ರಿಜ್ಜಿನ ಗೋಡೆಯೊಳಗಿನ ಫೋಮಿನಲ್ಲಿ ಅಡಗಿದ್ದು ಫ್ರಿಜ್ಜೂ ಹಳೆಯದಾಗಿದ್ದರೆ ರಿಪೇರಿಗೆ ಹಣ ಸುರಿಯಬೇಡ. ವರ್ಕ್‌ಶಾಪಿಗೆ ಕೊಂಡೊಯ್ಯುತ್ತೇನೆಂದರೆ ಅದಲುಬದಲಾಗದಂತೆ ಕಂಪ್ರೆಸರಿನ ಸೀರಿಯಲ್ ನಂಬರಿನ ಫೋಟೊ ತೆಗೆದಿಟ್ಟುಕೊಂಡೇ ಕಳಿಸು. ಬಿಲ್ಲಿನಲ್ಲಿ ಬದಲಿಸಿದ ಪಾರ್ಟ್, ತುಂಬಿದ ಗ್ಯಾಸಿನ ಹೆಸರು ಮತ್ತು ಗ್ರಾಂ, ಎಷ್ಟು ತಿಂಗಳ ಗ್ಯಾರಂಟಿ ಎಲ್ಲ ಬರೆಸು, ಹಳೆಯ ಪಾರ್ಟ್ ಕೇಳಿ ಇಸಿದುಕೊ. ಒಂದು ದಿನ ಓಡಿದ ಮೇಲೆ ಥರ್ಮಾಮೀಟರ್ ಇಟ್ಟು ನೋಡು: ಕೆಳಗೆ 4 ಡಿಗ್ರಿ ಸೆಲ್ಸಿಯಸ್ ಒಳಗೆ, ಫ್ರೀಜರ್‌ನಲ್ಲಿ ಮೈನಸ್ 18ರ ಹತ್ತಿರ ಇರಬೇಕು. ಬಾರದಿದ್ದರೆ ಅವತ್ತೇ ಫೋನ್ ಮಾಡು, ವಾರ ಕಾಯಬೇಡ.

ಇಂತಿ,
ನಿನ್ನ ದೊಡ್ಡಪ್ಪ