ಹರಾಜಿಗೆ ಮೊದಲು ಹಳ್ಳಿಯ ಪಾಲಿನ ತರಂಗಾಂತರ ಉಳಿಸಿ

ಸಂಪಾದಕರಿಗೆ,

ಮಾನ್ಯರೇ,

6 ಗಿಗಾಹರ್ಟ್ಸ್ ತರಂಗಾಂತರ ಯಾರ ಪಾಲಾಗಬೇಕು ಎಂಬ ಜಗ್ಗಾಟ ದೆಹಲಿಯಲ್ಲಿ ವರ್ಷಗಳಿಂದ ನಡೆದಿದೆ. ಹರಾಜು ಹಾಕಿ ತಮಗೆ ಕೊಡಿ ಎನ್ನುವುದು ಮೊಬೈಲ್ ಕಂಪನಿಗಳ ಬೇಡಿಕೆ. ಪರವಾನಗಿಯಿಲ್ಲದೆ ಎಲ್ಲರಿಗೂ ತೆರೆದಿಡಿ ಎನ್ನುವುದು ವೈ-ಫೈ ಉಪಕರಣ ತಯಾರಕರ ಬೇಡಿಕೆ. ಎರಡೂ ಕಡೆಯವರ ವಾದದಲ್ಲಿ ಮಹಾನಗರಗಳ ಫ್ಲ್ಯಾಟು, ಕಚೇರಿಗಳೇ ತುಂಬಿವೆ. ಪಶ್ಚಿಮ ಘಟ್ಟದ ಬುಡದಲ್ಲಿರುವ ಉಡುಪಿ ಜಿಲ್ಲೆಯ ಊರುಗಳಿಗೆ ಇದರಿಂದ ಏನಾಗುತ್ತದೆ ಎಂಬುದನ್ನು ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಕಾರ್ಕಳ, ಹೆಬ್ರಿ ಕಡೆಯ ಹಳ್ಳಿಗಳಿಗೆ ಇಂಟರ್‌ನೆಟ್ ಸಂಪರ್ಕ ಕೊಡುವ ಸಣ್ಣ ಉದ್ಯಮ ನನ್ನದು. ಮುಖ್ಯ ರಸ್ತೆಯ ಉದ್ದಕ್ಕೂ ಫೈಬರ್ ಎಳೆಯುತ್ತೇವೆ. ಗುಡ್ಡದ ಆಚೆ ತೋಟಗಳ ನಡುವೆ ಚದುರಿರುವ ನಾಲ್ಕಾರು ಮನೆಗಳಿಗೆ ಫೈಬರ್ ಒಯ್ಯಲು ಹೊರಟರೆ ಹಾಕಿದ ದುಡ್ಡು ಹುಟ್ಟುವುದಿಲ್ಲ. ಕೆಲವು ಕಡೆ ನಡುವೆ ಅರಣ್ಯ ಇಲಾಖೆಯ ಜಾಗ ಬರುತ್ತದೆ. ಉಳಿದ ಕಡೆ ಮಳೆಗಾಲದಲ್ಲಿ ಮರ ಬಿದ್ದು ಕಂಬವೂ ಕೇಬಲ್ಲೂ ಒಟ್ಟಿಗೆ ನೆಲ ಸೇರುತ್ತವೆ. ಅಂಥಲ್ಲಿ ಈ ಗುಡ್ಡಕ್ಕೊಂದು, ಆ ಗುಡ್ಡಕ್ಕೊಂದು ಸಣ್ಣ ಡಿಶ್ ನಿಲ್ಲಿಸಿ 5.8 ಗಿಗಾಹರ್ಟ್ಸ್‌ನಲ್ಲಿ ಸಂಪರ್ಕ ಜೋಡಿಸುತ್ತೇವೆ. ಎರಡೂ ತುದಿಗಳು ಒಂದಕ್ಕೊಂದು ಕಾಣುವಂತಿದ್ದರೆ ಆಟಿಯ ಜಡಿಮಳೆಗೂ ಅದು ಅಂಜುವುದಿಲ್ಲ. ತೊಯ್ದ ಮರದ ಸೊಪ್ಪು ಅಡ್ಡ ಬಂದರೆ ಮಾತ್ರ ಸೋಲುತ್ತದೆ.

ಇಂಟರ್‌ನೆಟ್ ಸೇವೆ ಕೊಡಲು ಸರ್ಕಾರದ ಪರವಾನಗಿ ಬೇಕು. ಅದು ಇರಬೇಕಾದದ್ದೇ. ಆ ಡಿಶ್‌ಗಳು ಬಳಸುವ ತರಂಗಾಂತರಕ್ಕೆ ಮಾತ್ರ ಬೇರೆ ಪರವಾನಗಿ ಬೇಕಿಲ್ಲ. 2005ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು (ಬ್ಯಾಂಡ್) ಪರವಾನಗಿಯಿಂದ ಮುಕ್ತಗೊಳಿಸಿದ್ದರಿಂದಲೇ ಮನೆಮನೆಗೆ ವೈ-ಫೈ ಬಂತು. 5 ಗಿಗಾಹರ್ಟ್ಸ್‌ನಲ್ಲಿ ಹೊರಾಂಗಣ ಬಳಕೆಗೆ ಬಹುಕಾಲ ಬರೀ 50 ಮೆಗಾಹರ್ಟ್ಸ್ ಇತ್ತು. 2018ರ ಅಕ್ಟೋಬರ್‌ನಲ್ಲಿ ಒಟ್ಟು 605 ಮೆಗಾಹರ್ಟ್ಸ್ ತೆರೆದರು. ನನ್ನಂಥವರು ಗುಡ್ಡ ಹತ್ತಲು ಧೈರ್ಯ ಮಾಡಿದ್ದು ಆ ಒಂದು ಅಧಿಸೂಚನೆಯ ಬಲದಿಂದ.

ಪರವಾನಗಿ ಇಲ್ಲದಿದ್ದರೆ ಹೇಳುವವರು ಕೇಳುವವರು ಇರುವುದಿಲ್ಲ ಎಂದು ಕೆಲವರು ಹೆದರಿಸುತ್ತಾರೆ. ನಮ್ಮ ಜಿಲ್ಲೆಯ ರೈತರಿಗೆ ಇದನ್ನು ಕುಮ್ಕಿ ಜಾಗದ ಉದಾಹರಣೆಯಿಂದ ಹೇಳಬಹುದು. ವರ್ಗ ಜಾಗಕ್ಕೆ, ಅಂದರೆ ರೈತರ ಸ್ವಂತ ಜಮೀನಿಗೆ, ತಾಗಿದ ನೂರು ಗಜದೊಳಗಿನ ಸರ್ಕಾರಿ ಭೂಮಿಯೇ ಕುಮ್ಕಿ. ಅಲ್ಲಿಂದ ಸೊಪ್ಪು, ತರಗೆಲೆ, ಕಟ್ಟಿಗೆ ತರಬಹುದು. ಅದು ಪಟ್ಟಾ ಜಾಗವಲ್ಲ, ಮಾರುವಂತಿಲ್ಲ. ಪರವಾನಗಿರಹಿತ ತರಂಗಾಂತರವೂ ಹಾಗೆಯೇ ಮಿತಿಯೊಳಗಿನ ಬಳಕೆ. ಇಲ್ಲಿ ನಿಯಮ ವ್ಯಕ್ತಿಯ ಮೇಲಲ್ಲ, ಉಪಕರಣದ ಮೇಲಿದೆ. 2.4 ಗಿಗಾಹರ್ಟ್ಸ್‌ನಲ್ಲಿ ಆಂಟೆನಾದ ಬಲವೂ ಸೇರಿ 4 ವ್ಯಾಟ್ ಮೀರುವಂತಿಲ್ಲ. ವೈ-ಫೈ ಉಪಕರಣ ತಾನು ಮಾತಾಡುವ ಮೊದಲು ಚಾನೆಲ್ ಖಾಲಿಯಿದೆಯೇ ಎಂದು ಕಿವಿಗೊಡುತ್ತದೆ. ರಾಡಾರ್ ಇರುವ ಪಟ್ಟಿಗಳಿಗೆಂದು ತಯಾರಾದ ಉಪಕರಣ ಮೊದಲು 60 ಸೆಕೆಂಡು ಸುಮ್ಮನೆ ಆಲಿಸುತ್ತದೆ. ನಡುವೆ ರಾಡಾರ್ ಕೇಳಿಸಿದರೆ 10 ಸೆಕೆಂಡಿನೊಳಗೆ ಜಾಗ ಬಿಡುತ್ತದೆ. ಕಚೇರಿಯಲ್ಲಿ ಕುಳಿತ ಯಾವ ಅಧಿಕಾರಿಯೂ ಇಷ್ಟು ಬೇಗ ವ್ಯಾಜ್ಯ ಬಗೆಹರಿಸಲಾರರು.

ಎಲ್ಲ ತರಂಗಾಂತರವನ್ನೂ ಹೀಗೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಮಲ್ಪೆಯ ಬೋಟು ಅಪಾಯದಲ್ಲಿದ್ದಾಗ ಕೂಗುವ 16ನೇ ಚಾನೆಲ್‌ಗೆ, 156.8 ಮೆಗಾಹರ್ಟ್ಸ್‌ಗೆ, ಮತ್ತೊಬ್ಬರು ತಲೆ ಹಾಕಬಾರದು. ಬಜ್ಪೆಯಲ್ಲಿ ಇಳಿಯುವ ವಿಮಾನದ ಉಪಕರಣಕ್ಕೂ ಅಷ್ಟೇ ರಕ್ಷಣೆ ಬೇಕು. ದೂರದವರೆಗೆ ಸಾಗುವ, ಹೆಚ್ಚು ಶಕ್ತಿಯ ಮೊಬೈಲ್ ಸೇವೆಗೂ ಪರವಾನಗಿ ಸರಿಯೇ.

ಆದರೆ ಮೊಬೈಲ್ ಪರವಾನಗಿಯ ಒಂದು ದೋಷವನ್ನು ಹೇಳಲೇಬೇಕು. ಹರಾಜಿನಲ್ಲಿ ಗೆದ್ದವರಿಗೆ ಇಡೀ ಕರ್ನಾಟಕ ದೂರಸಂಪರ್ಕ ವೃತ್ತದ ಹಕ್ಕು ಸಿಗುತ್ತದೆ, ಅದೂ 20 ವರ್ಷಕ್ಕೆ. ಬೆಂಗಳೂರಿಗೆ ಬೇಕಾಗಿ ಕೊಂಡರೂ ಆಗುಂಬೆಯ ಕೆಳಗಿನ ಸೋಮೇಶ್ವರ, ನಾಡ್ಪಾಲು ಅವರದೇ. ಅಲ್ಲಿ ಟವರ್ ಹಾಕದಿದ್ದರೂ ಬೇರೆಯವರು ಆ ತರಂಗಾಂತರವನ್ನು ಮುಟ್ಟುವಂತಿಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ವಿದ್ಯಾರ್ಥಿನಿಯೊಬ್ಬಳು ಮಳೆಯಲ್ಲಿ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದುದನ್ನು, ತಂದೆ ಅವಳಿಗೆ ಕೊಡೆ ಹಿಡಿದು ನಿಂತಿದ್ದುದನ್ನು ನಾಡೆಲ್ಲ ಚಿತ್ರದಲ್ಲಿ ನೋಡಿತು. ಆ ಊರಿನ ಆಕಾಶವೂ ಕಾಗದದ ಮೇಲೆ ಯಾರದೋ ಪರವಾನಗಿಗೆ ಒಳಪಟ್ಟಿತ್ತು. ಆ ಚಿತ್ರ ನೆನಪಾದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಹರಾಜು ಹಾಕಿದರೆ ಬೊಕ್ಕಸಕ್ಕೆ ಹಣ ಬರುತ್ತದೆ ಎಂಬ ವಾದವನ್ನು ತಳ್ಳಿಹಾಕಲಾಗದು. ತರಂಗಾಂತರ ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಬೇಕಾದವರಿಗೆ ಹಂಚಿದ 122 ಪರವಾನಗಿಗಳನ್ನು 2012ರಲ್ಲಿ ರದ್ದು ಮಾಡಿತು. 2022ರ ಹರಾಜಿನಲ್ಲಿ ಸುಮಾರು 1.5 ಲಕ್ಷ ಕೋಟಿ ರೂಪಾಯಿ ಮೊತ್ತದ ಬಿಡ್ ಬಂತು. 2024ರ ಜೂನ್‌ನಲ್ಲಿ ಮಾತ್ರ ಸುಮಾರು 96 ಸಾವಿರ ಕೋಟಿ ಮೂಲ ಬೆಲೆಯ ತರಂಗಾಂತರ ಇಟ್ಟರೂ 11,340 ಕೋಟಿಯಷ್ಟೇ ಹುಟ್ಟಿತು. ಕೊಳ್ಳುವವರಿಲ್ಲದೆ ಉಳಿದ ತರಂಗಾಂತರದಿಂದ ಸರ್ಕಾರಕ್ಕೆ ಹಣವೂ ಇಲ್ಲ, ಜನರಿಗೆ ಸಂಪರ್ಕವೂ ಇಲ್ಲ. ಅದು ಭತ್ತದಂತೆ ಕಣಜದಲ್ಲಿ ಕೂಡಿಡುವ ಸರಕಲ್ಲ.

ಪರವಾನಗಿರಹಿತ ಪಟ್ಟಿಯ ಕಷ್ಟವೂ ನನಗೆ ಗೊತ್ತು. ಅಲ್ಲಿ ಯಾರಿಗೂ ರಕ್ಷಣೆಯಿಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ. ಮಣಿಪಾಲದ ಹಾಸ್ಟೆಲ್ ಕಟ್ಟಡಗಳಲ್ಲಿ ಕೋಣೆಗೊಂದು ರೂಟರ್ ಇಟ್ಟರೆ ಏನಾಗುತ್ತದೆಂದು ಅಲ್ಲಿನ ಮಕ್ಕಳನ್ನೇ ಕೇಳಬಹುದು. ಇಕ್ಕಟ್ಟಿಗೆ ಪರಿಹಾರ ಜಾಗ ಹೆಚ್ಚಿಸುವುದು. ಅದಕ್ಕೇ 6 ಗಿಗಾಹರ್ಟ್ಸ್ ಮುಖ್ಯ. ಅಮೆರಿಕ 2020ರ ಏಪ್ರಿಲ್‌ನಲ್ಲಿ 5925ರಿಂದ 7125ರವರೆಗಿನ 1200 ಮೆಗಾಹರ್ಟ್ಸ್ ಅನ್ನು ಪೂರ್ತಿ ತೆರೆಯಿತು. ನಮ್ಮ ದೂರಸಂಪರ್ಕ ಇಲಾಖೆ 2025ರ ಮೇ ತಿಂಗಳಲ್ಲಿ ಪ್ರಕಟಿಸಿದ ಕರಡು ನಿಯಮಗಳಲ್ಲಿ ಕೆಳಗಿನ 500 ಮೆಗಾಹರ್ಟ್ಸ್ ಮಾತ್ರ ಇತ್ತು. ಅದನ್ನೂ ನಾನು ಸ್ವಾಗತಿಸುತ್ತೇನೆ.

ಆದರೆ ಆ ಕರಡಿನ ಷರತ್ತುಗಳಲ್ಲಿ ಹಳ್ಳಿ ಕಾಣಲಿಲ್ಲ. ಮನೆಯೊಳಗೆ ಗರಿಷ್ಠ 1 ವ್ಯಾಟ್. ಹೊರಗೆ ಬರೀ 25 ಮಿಲಿವ್ಯಾಟ್: ಅಂಗಳ ದಾಟಿದರೆ ಹೆಚ್ಚು. ಬೋಟಿನಲ್ಲಿ ಬಳಸುವಂತೆಯೇ ಇಲ್ಲ. ಈ ಪಟ್ಟಿಯಲ್ಲಿ ಉಪಗ್ರಹ ಸಂಪರ್ಕ, ಮೈಕ್ರೋವೇವ್ ಕೊಂಡಿಗಳು ಇರುವುದರಿಂದ ಎಚ್ಚರಿಕೆ ಬೇಕು, ಒಪ್ಪುತ್ತೇನೆ. ಅದಕ್ಕೆ ದಾರಿಯೂ ಇದೆ. ಅಮೆರಿಕದಲ್ಲಿ 2024ರ ಫೆಬ್ರುವರಿಯಿಂದ ಹೊರಾಂಗಣದ 4 ವ್ಯಾಟ್ ಉಪಕರಣ ತಾನು ನಿಂತಿರುವ ಜಾಗವನ್ನು ಒಂದು ದತ್ತಾಂಶ ಕೋಶಕ್ಕೆ ತಿಳಿಸುತ್ತದೆ. ಅಲ್ಲಿ ಮೊದಲಿನಿಂದ ಇರುವವರಿಗೆ ತೊಂದರೆಯಾಗದ ಚಾನೆಲ್ ಯಾವುದು, ಎಷ್ಟು ಶಕ್ತಿ ಬಳಸಬಹುದು ಎಂಬ ಉತ್ತರ ಬಂದ ಮೇಲೆಯೇ ಪ್ರಸಾರ ಮಾಡುತ್ತದೆ. ಹರಾಜೂ ಇಲ್ಲ, ಅಂಕೆ ಇಲ್ಲದ ಬಳಕೆಯೂ ಇಲ್ಲ.

ಇದೇ ವ್ಯವಸ್ಥೆಯನ್ನು ನಮ್ಮಲ್ಲೂ ತರಬೇಕು. ಇಡೀ ದೇಶಕ್ಕೆ ಒಮ್ಮೆಗೇ ಸಾಧ್ಯವಿಲ್ಲವಾದರೆ ಫೈಬರ್ ತಲುಪದ ಘಟ್ಟದ ತಪ್ಪಲಿನ ತಾಲ್ಲೂಕುಗಳಿಂದ ಆರಂಭಿಸಲಿ. ಹೆಬ್ರಿ, ಕಾರ್ಕಳ, ಬೈಂದೂರು, ಬೆಳ್ತಂಗಡಿ, ಸುಳ್ಯ ಆ ಪಟ್ಟಿಯಲ್ಲಿರಲಿ. ನೋಂದಣಿಗೆ ಸಣ್ಣ ಶುಲ್ಕ ಕೇಳಿದರೆ ಕೊಡಲು ನಾವು ತಯಾರಿದ್ದೇವೆ. ಉಡುಪಿ ಮತ್ತು ಮಂಗಳೂರಿನ ಸಂಸದರು 6 ಗಿಗಾಹರ್ಟ್ಸ್‌ನಲ್ಲಿ ಉಳಿದ ಮೇಲಿನ 700 ಮೆಗಾಹರ್ಟ್ಸ್ ಹರಾಜಿನ ಕಟ್ಟೆ ಏರುವ ಮೊದಲೇ ಈ ಮಾತನ್ನು ದೂರಸಂಪರ್ಕ ಸಚಿವರ ಮುಂದಿಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಇತಿ,
ಇಂಟರ್‌ನೆಟ್ ಸೇವೆಯ ಸಣ್ಣ ಉದ್ಯಮಿ
ಉಡುಪಿ