ರಾಜಗಡ–ತೋರಣಾ ನಡಿಗೆಗೆ ಹೊರಟ ಅಳಿಯನಿಗೆ

ಕೋಥ್ರೂಡ್, ಪುಣೆ

ಚಿರಂಜೀವಿ ಶ್ರೀನಿಧಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ದೀಪಾವಳಿಯ ರಜೆಯಲ್ಲಿ ಗೆಳೆಯರ ಜೊತೆ ರಾಜಗಡ ಕೋಟೆಯಿಂದ ತೋರಣಾ ಕೋಟೆಗೆ ಬೆಟ್ಟದ ಏಣಿನ ಮೇಲೆಯೇ ನಡೆದುಹೋಗಬೇಕೆಂದಿದ್ದೀಯೆಂದು ಅಣ್ಣ ಫೋನಿನಲ್ಲಿ ಹೇಳಿದ, ಸಂತೋಷವಾಯಿತು. ಆದರೆ ಫೋನಿನಲ್ಲಿ ನಕ್ಷೆಯಿರುವಾಗ ದಾರಿ ಬಲ್ಲವರು ಯಾಕೆ ಬೇಕು ಎಂದು ನೀನು ಅಂದೆಯಂತೆ. ಆ ಒಂದು ಮಾತಿಗಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಕ್ಷೆ ಬೇಡವೆಂದು ನಾನು ಹೇಳುವುದಿಲ್ಲ, ನಾನೂ ಅದನ್ನು ನಂಬಿಯೇ ನಡೆದವಳು. ಅದರಲ್ಲಿ ಕಾಣದೇ ಉಳಿಯುವುದು ಯಾವುದು ಎಂಬುದನ್ನು ತಿಳಿದುಕೊಂಡು ಹೋಗು ಎನ್ನುತ್ತೇನೆ. ಸಹ್ಯಾದ್ರಿಯ ಈ ಭಾಗ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದ ಲಾವಾ ಗಟ್ಟಿಯಾಗಿ ಆದದ್ದು. ದಖನ್ ಟ್ರ್ಯಾಪ್ ಎಂಬ ಅದರ ಹೆಸರಿನಲ್ಲಿರುವ 'ಟ್ರ್ಯಾಪ್' ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಪದದಿಂದ ಬಂದಿದೆ, ಮತ್ತು ಈ ಬೆಟ್ಟಗಳು ನಿಜಕ್ಕೂ ಮೆಟ್ಟಿಲಿನಂತೆಯೇ ಇಳಿಯುತ್ತವೆ: ಒಂದಿಷ್ಟು ಹುಲ್ಲಿನ ಸಮತಟ್ಟು, ಅದರಂಚಿಗೆ ನೆಟ್ಟನೆಯ ಬಂಡೆ, ಕೆಳಗೆ ಮತ್ತೆ ಸಮತಟ್ಟು. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಟೋಪೋಶೀಟಿನಲ್ಲಿ, ಅಂದರೆ ನೆಲದ ಏರಿಳಿತ ತೋರಿಸುವ ನಕ್ಷೆಯ ಹಾಳೆಯಲ್ಲಿ, ಒಂದು ಕಂಟೂರ್ ಗೆರೆಯಿಂದ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಮುಂದಿನ ಗೆರೆಗೆ ಸಾಮಾನ್ಯವಾಗಿ 20 ಮೀಟರ್ ಎತ್ತರದ ಅಂತರವಿರುತ್ತದೆ. ಐದು ಮಹಡಿಯಷ್ಟು, ಅಂದರೆ 15 ಮೀಟರಿನ ಬಂಡೆಯೊಂದು ಆ ಎರಡು ಗೆರೆಗಳ ನಡುವೆ ಅಡಗಿ ಕೂರಬಲ್ಲದು. ಫೋನಿನ ನಕ್ಷೆಯಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಅನೇಕ ಆ್ಯಪ್‌ಗಳ ಕಂಟೂರ್ ಗೆರೆಗಳಿಗೆ ಆಧಾರವಾಗಿರುವುದು 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರಾಡಾರ್ ಮೂಲಕ ಮಾಡಿದ ಅಳತೆ. ಅದರಲ್ಲಿ ಸುಮಾರು 30 ಮೀಟರಿಗೆ ಒಂದರಂತೆ ಎತ್ತರ ದಾಖಲಾಗಿದೆ. ಆ ಎರಡು ಬಿಂದುಗಳ ಮಧ್ಯೆ ಬಂಡೆ ನೆಟ್ಟಗೆ ಇಳಿದಿದ್ದರೂ ಗೆರೆ ಅದನ್ನು ಸಾಧಾರಣ ಇಳಿಜಾರಾಗಿ ತೋರಿಸುತ್ತದೆ. ನೀನು ಬೆರಳಿನಿಂದ ಪರದೆಯನ್ನು ಎಷ್ಟು ಹಿಗ್ಗಿಸಿದರೂ ಗೆರೆ ದೊಡ್ಡದಾಗುತ್ತದೆಯೇ ಹೊರತು ಹೊಸ ಸಂಗತಿಯೇನೂ ಕಾಣುವುದಿಲ್ಲ.

ಇದನ್ನು ನಾನು ಓದಿ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ಮಳೆಗಾಲ ಮುಗಿದ ಹೊಸತರಲ್ಲಿ ಇಂಥದೇ ಒಂದು ಏಣಿನಿಂದ ಇಳಿಯುತ್ತಿದ್ದಾಗ, ಪರದೆಯ ಚುಕ್ಕೆಗೆರೆಯ ದಾರಿ ನೇರ ಮುಂದಕ್ಕಿತ್ತು, ನಮ್ಮ ನೀಲಿ ಚುಕ್ಕೆಯೂ ಅದರ ಮೇಲೆಯೇ ಇತ್ತು, ಕಂಟೂರ್ ಗೆರೆಗಳೂ ವಿರಳವಾಗಿದ್ದವು. ಎದೆಯುದ್ದದ ಕಾರ್ವಿ ಪೊದೆಗಳನ್ನು ಕೈಯಿಂದ ಸರಿಸುತ್ತಾ ಹೋದವಳ ಮುಂದಿನ ಹೆಜ್ಜೆಗೆ ನೆಲವೇ ಇರಲಿಲ್ಲ. ಕಾಲಿಗೆ ತಾಗಿದ ಕಲ್ಲೊಂದು ಉರುಳಿತು, ಅದು ಕೆಳಗೆ ಬಿದ್ದ ಸದ್ದು ಕೇಳುವಷ್ಟರಲ್ಲಿ ನನ್ನ ಅಂಗೈ ಬೆವತಿತ್ತು. ಎಮ್ಮೆ ಮೇಯಿಸುತ್ತಿದ್ದ ಧನಗರ ಅಜ್ಜನೊಬ್ಬ ಕೂಗಿ ನಿಲ್ಲಿಸಿ, ಇನ್ನೂರು ಹೆಜ್ಜೆ ಹಿಂದಕ್ಕೆ ಕರೆದೊಯ್ದು, ಬಂಡೆಯ ಸಂದಿನಲ್ಲಿ ಇಳಿಯುವ ದನದ ದಾರಿಯನ್ನು ತೋರಿಸಿದ. ಅದು ನಕ್ಷೆಯಲ್ಲಿರಲಿಲ್ಲ.

ಆದ್ದರಿಂದ ಹೊರಡುವ ಮುನ್ನ ಒಂದು ಸಂಜೆ ಕುಳಿತು ರಾಜಗಡದ ಸಂಜೀವನಿ ಮಾಚಿಯಿಂದ (ಮಾಚಿ ಎಂದರೆ ಕೋಟೆಯಿಂದ ಏಣಿನುದ್ದಕ್ಕೆ ಚಾಚಿದ ಭಾಗ) ತೋರಣಾದ ಬುಧಲಾ ಮಾಚಿಯವರೆಗಿನ ಗೆರೆಗಳನ್ನು ನಿಧಾನವಾಗಿ ಓದು. ಗೆರೆಗಳು ಒತ್ತೊತ್ತಾಗಿರುವಲ್ಲಿ ಹೇಗೂ ಎಚ್ಚರವಾಗಿರುತ್ತೀಯೆ, ವಿರಳವಾಗಿದ್ದು ಥಟ್ಟನೆ ಒತ್ತಾಗುವ ಅಂಚುಗಳನ್ನು ಗುರುತುಮಾಡಿಕೋ. ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ಆ್ಯಪ್‌ಗಳಲ್ಲಿರುವ ಕಾಲುದಾರಿಗಳನ್ನು ನಿನ್ನಂಥ ಚಾರಣಿಗರೇ ಬಿಡಿಸಿರುತ್ತಾರೆ. ಅವರ ಶ್ರಮಕ್ಕೆ ನಾವು ಋಣಿಗಳು, ಆದರೆ ಬೇಸಿಗೆಯಲ್ಲಿ ಕಂಡ ದಾರಿ ಕಾರ್ತೀಕದ ಹುಲ್ಲಿನಲ್ಲಿ ಕಾಣಿಸದಿರಬಹುದು. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು, ಡೇಟಾ ಆರಿಸಿ, ಅದು ತೆರೆಯುತ್ತದೆಯೇ ಎಂದು ಪರೀಕ್ಷಿಸು. ಜಿಪಿಎಸ್‌ಗೆ ಮೊಬೈಲ್ ಸಿಗ್ನಲ್ ಬೇಕಿಲ್ಲವಾದ್ದರಿಂದ ನಡೆಯುವಾಗ ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟರೆ ಬ್ಯಾಟರಿ ಹೆಚ್ಚು ಬಾಳುತ್ತದೆ. ಹೋದ ದಾರಿಯನ್ನು ಆ್ಯಪ್‌ನಲ್ಲಿ ದಾಖಲಿಸುತ್ತಾ ಹೋಗು, ದಾರಿ ತಪ್ಪಿದರೆ ಅದನ್ನೇ ಹಿಡಿದು ಹಿಂದಿರುಗಬಹುದು. ಕಡಿದಾದ ಬಂಡೆಗಳ ಮಗ್ಗುಲಲ್ಲಿ ಉಪಗ್ರಹದ ಸಂಕೇತ ಕಲ್ಲಿಗೆ ತಾಗಿ ಬರುವುದರಿಂದ ನೀಲಿ ಚುಕ್ಕೆ ಪಕ್ಕಕ್ಕೆ ಜಿಗಿಯುವುದುಂಟು. ಅಲ್ಲಿ ಪರದೆಗಿಂತ ನಿನ್ನ ಕಣ್ಣಿಗೆ ಬೆಲೆ ಕೊಡು.

ರಾಜಗಡದ ಬುಡದ ಹಳ್ಳಿ ಗುಂಜವಣೆಯಲ್ಲಿ, ಕೋಟೆ ಹತ್ತುವ ಮುನ್ನ, ಊರಿನವರೊಬ್ಬರನ್ನು ಮಾತನಾಡಿಸಿ, ಏಣಿನ ದಾರಿ ಈ ವರ್ಷ ಹೇಗಿದೆಯೆಂದು ಕೇಳು. ಸಾಧ್ಯವಾದರೆ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗು, ಅವರ ದಿನಗೂಲಿಯನ್ನು ನಾನು ಕೊಡುತ್ತೇನೆ.

ಶುಕ್ರವಾರ ರಾತ್ರಿಯೇ ಮುಂಬೈಯಿಂದ ಹೊರಟು ನಮ್ಮಲ್ಲಿ ಇಳಿದುಕೋ. ನನ್ನ ಹಳೆಯ ಟೋಪೋಶೀಟನ್ನು ಊಟದ ಮೇಜಿನ ಮೇಲೆ ಹಾಸಿಡುತ್ತೇನೆ. ನಿನ್ನ ಫೋನನ್ನು ಅದರ ಪಕ್ಕದಲ್ಲಿಟ್ಟು ಇಬ್ಬರೂ ಸೇರಿ ನೋಡೋಣ.

ಇತಿ ನಿನ್ನ ಅತ್ತೆ